1 ಕೆಜಿ ಬಂಗುಡೆ 11 ಕೆಜಿ ಆಗುವ ಟ್ಯಾಬ್

ಪ್ರಶ್ನೆ: ಸರ್, ಮಂಗಳೂರು ಧಕ್ಕೆ (ಮೀನು ಬಂದರು) ಹತ್ತಿರ ನಂದು ಸಣ್ಣ ಮೀನಿನ ವ್ಯಾಪಾರ. ಬಿಲ್ ಮಾಡ್ಲಿಕ್ಕೆ ಅಂತ ಎರಡು ವರ್ಷದ ಹಿಂದೆ 6,000 ರೂಪಾಯಿಗೆ ಒಂದು ಟ್ಯಾಬ್ ತೆಗೊಂಡಿದ್ದೆ. 2 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್. ಈಗ ತನ್ನಷ್ಟಕ್ಕೇ ಒತ್ತಿಕೊಳ್ತದೆ. 1 ಕೆಜಿ ಬಂಗುಡೆ ಅಂತ ಹಾಕಿದ್ರೆ 11 ಬೀಳ್ತದೆ, ಗಿರಾಕಿಗಳ ಬೈಗುಳ ಬೇರೆ. ನಡುವೆ ವಾಟ್ಸಾಪ್ ನೋಡಿ ಬಂದ್ರೆ ಅರ್ಧ ಮಾಡಿದ ಬಿಲ್ಲೇ ಮಾಯ. ಡಿಸ್‌ಪ್ಲೇ ಹೋಗಿದೆ, 2,800 ಆಗ್ತದೆ ಅಂತ ಒಂದು ಅಂಗಡಿಯವರು ಹೇಳಿದ್ರು. ಆಗಸ್ಟಲ್ಲಿ ಬೋಟುಗಳು ಪುನಃ ಕಡಲಿಗೆ ಇಳಿಯುವ ಮೊದಲು ಸರಿ ಮಾಡಿಸ್ಬೇಕು. ಹಾಕಿಸುದಾ?

ಉತ್ತರ: ಸ್ವಲ್ಪ ನಿಲ್ಲಿ ಮಾರಾಯ್ರೆ, ದುಡ್ಡು ಕೊಡ್ಬೇಡಿ. ಮೊದಲು ಕೈ, ಸ್ಕ್ರೀನ್ ಎರಡೂ ಒರೆಸಿ. ಉಪ್ಪುನೀರಿನ ಹನಿಯಲ್ಲಿ ಕರೆಂಟ್ ಹರಿತದೆ, ಸ್ಕ್ರೀನಿಗೆ ಅದೂ ಬೆರಳೇ. ಆಮೇಲೆ ಚಾರ್ಜರ್ ಕಿತ್ತು ನೋಡಿ. ಕಡಿಮೆ ರೇಟಿನ ಚಾರ್ಜರ್ ಹಾಕಿದಾಗ ಮಾತ್ರ ಹೀಗಾದ್ರೆ ತಪ್ಪು ಚಾರ್ಜರಿನದ್ದು. ಎರಡರಲ್ಲೂ ಸರಿಯಾಗದಿದ್ರೆ ಟ್ಯಾಬನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿ, ಅಲ್ಲಾಡ್ತದಾ?

ಪ್ರಶ್ನೆ: ಚಾರ್ಜರ್ ತೆಗೆದ್ರೂ ಹಾಗೆಯೇ. ಮೇಜಿನ ಮೇಲೆ ಗಿರಗಿರ ತಿರುಗ್ತದೆ ಸರ್! ಒಂದು ಬದಿಯಲ್ಲಿ ಗ್ಲಾಸ್ ಎದ್ದಿದೆ, ಸಂದಿಯಲ್ಲಿ ಉಗುರು ಹೋಗ್ತದೆ.

ಉತ್ತರ: ಅದು ಬ್ಯಾಟರಿ ಉಬ್ಬಿದ್ದು. ಒಳಗಿಂದ ಡಿಸ್‌ಪ್ಲೇಯನ್ನು ದೂಡ್ತಾ ಉಂಟು, ಹಾಗಾಗಿ ತನ್ನಷ್ಟಕ್ಕೇ ಒತ್ತಿಕೊಳ್ಳುದು. ಹೊಸ ಡಿಸ್‌ಪ್ಲೇ ಹಾಕಿದ್ರೂ ಅದನ್ನೂ ದೂಡ್ತಿತ್ತು. ಈಗಲೇ ಸ್ವಿಚ್ ಆಫ್ ಮಾಡಿ, ಇನ್ನು ಚಾರ್ಜಿಗೆ ಹಾಕ್ಬೇಡಿ. ಎದ್ದ ಗ್ಲಾಸನ್ನು ಒತ್ತಿ ಕೂರಿಸ್ಲಿಕ್ಕೆ ಹೋಗ್ಬೇಡಿ. ಲಿಥಿಯಂ ಬ್ಯಾಟರಿ ತೂತಾದ್ರೆ ಬೆಂಕಿ ಹಿಡಿಯಬಹುದು. ಬಟ್ಟೆ, ಕಾಗದ ಇಲ್ಲದ ಕಡೆ ಬರೀ ನೆಲದ ಮೇಲೆ ಇಟ್ಟು, ನಾಳೆ ಯಾರಾದ್ರೂ ರಿಪೇರಿಯವರಿಗೆ ತೋರಿಸಿ. ಬ್ಯಾಟರಿ ಬದಲಿಸಿದ್ರೆ ಹೆಚ್ಚಿನ ಸಲ ಇಷ್ಟಕ್ಕೇ ಮುಗಿತದೆ.

ಬಿಲ್ ಮಾಯ ಆಗುದು ಬೇರೆ ಕಥೆ. ರ‍್ಯಾಮ್ ಅಂದ್ರೆ ತೆರೆದ ಆಪ್‌ಗಳು ಕೂರುವ ಜಾಗ. 2 ಜಿಬಿಯಲ್ಲಿ ವಾಟ್ಸಾಪ್ ತೆರೆದ ಕೂಡಲೇ ಆ ಜಾಗ ಸಾಲದೆ ಬಿಲ್ಲಿನ ಆಪನ್ನು ಸಿಸ್ಟಮ್ಮೇ ಮುಚ್ತದೆ. ಅದಕ್ಕೆ ರಿಪೇರಿ ಇಲ್ಲ, ಬಿಲ್ ಸೇವ್ ಮಾಡಿಯೇ ಹೊರಗೆ ಬರ್ಬೇಕು. 16 ಜಿಬಿ ಸ್ಟೋರೇಜಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ತಿಂತದೆ. ಉಳಿದದ್ದರಲ್ಲಿ ಗುಡ್ ಮಾರ್ನಿಂಗ್ ವಿಡಿಯೋ ತುಂಬಿಸಿದ್ರೆ ಅದು ತೆವಳುದೇ. ವಾಟ್ಸಾಪಲ್ಲಿ ಆಟೋ ಡೌನ್‌ಲೋಡ್ ಬಂದ್ ಮಾಡಿ.

ಪ್ರಶ್ನೆ: ನಿನ್ನೆ ರಾತ್ರಿ ಮಗ ಚಾರ್ಜಿಗೆ ಹಾಕಿ ಹಾಸಿಗೆ ಮೇಲೆಯೇ ಇಟ್ಟಿದ್ದ ಸರ್. ಈಗ ಆಫ್ ಮಾಡಿ ಜಗಲಿಯ ಮೂಲೆಯಲ್ಲಿ ಇಟ್ಟಾಯ್ತು. ನಾಳೆಗೆ ಹಳೇ ಬಿಲ್ ಪುಸ್ತಕ ಹುಡುಕ್ತಾ ಇದ್ದೇನೆ, ಕಾರ್ಬನ್ ಹಾಳೆ ಮಾತ್ರ ಸಿಕ್ತು.