ಡ್ರಾಪಿಗೆ 20 ಯಾಕೆ?

ಕೊಡಗಿನ ಕಕ್ಕಡ ತಿಂಗಳು, ಜುಲೈ-ಆಗಸ್ಟಿನ ಮಳೆ. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿ ಎರಡು ದಿನ. ಸುಬೇದಾರ್ರ ಮನೆ ಜಗಲಿಯಲ್ಲಿ ಎರಡು ಕಟ್ಟು ಇಸ್ಪೀಟು, ನಾಲ್ಕು ಜನ. ಆಟ 101ರ ರಮ್ಮಿ, ಸೋತ ಅಂಕ ಸೇರುತ್ತಾ ಹೋಗುವುದು. ಮೊದಲು 101 ಮುಟ್ಟಿದವರು ಉಳಿದವರಿಗೆಲ್ಲ ಕಾಫಿ, ಪರೋಟ ಕೊಡಿಸಬೇಕು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟ್ರು 82ರಲ್ಲಿದ್ದಾರೆ, ಕೈಗೆ ಬಂದ ಎಲೆ ಹಾಳು. ಡ್ರಾಪ್ ಕೊಟ್ಟರೆ, ಅಂದರೆ ಆಡದೆ ಎಲೆ ಬಿಟ್ಟರೆ, 20 ಸೇರಿ 102. ತತ್ವಶಾಸ್ತ್ರ ಹುಟ್ಟುವುದು ಇಂಥ ಹೊತ್ತಿನಲ್ಲೇ.

"ಅಲ್ಲ ಮೇಷ್ಟ್ರೇ, ಡ್ರಾಪಿಗೆ 20 ಅಂತ ಯಾರು ಹೇಳಿದ್ದು? ದೇವರು ಹೇಳಿದ್ನಾ?"

"ನಾವೇ ಒಪ್ಪಿಕೊಂಡದ್ದು," ಅಂದರು ಮೇಷ್ಟ್ರು. ಲೆಕ್ಕದ ಪುಸ್ತಕವೂ ಪೆನ್ಸಿಲ್ಲೂ ಅವರ ಕೈಯಲ್ಲಿವೆ. "201ರ ಆಟಕ್ಕೆ 25, 101ಕ್ಕೆ 20. ಇದರಲ್ಲಿ ಒಂದು ಎಲೆ ಎತ್ತಿದ ಮೇಲೆ ಬಿಟ್ಟರೆ 40."

"ಒಪ್ಪಿಗೆಯಿಂದ ಬಂದದ್ದು ಒಪ್ಪಿಗೆಯಿಂದಲೇ ಹೋಗಬಹುದು. ಈಗ 15 ಮಾಡುವ."

ಸುಬೇದಾರ್ರು ಎಲೆ ಜೋಡಿಸುತ್ತಲೇ ಹೇಳಿದರು: "ಯಾರ ಜಗಲಿಯೋ ಅವರ ರೂಲು."

ಮೇಷ್ಟ್ರಿಗೆ ಇಷ್ಟು ಸಾಕಾಯಿತು. "ನೋಡಿ, ಪ್ಲೇಟೋನ ಸಂವಾದದಲ್ಲಿ ಥ್ರಸಿಮಾಕಸ್ ಅನ್ನುವವನು ಇದನ್ನೇ ಹೇಳೋದು. ನ್ಯಾಯ ಅಂದರೆ ಬಲಿಷ್ಠನಿಗೆ ಲಾಭವಾದದ್ದು. ಅವನಿಗೂ ಒಂದು ಜಗಲಿ ಇದ್ದಿರಬೇಕು."

"ಇಂಗ್ಲೆಂಡಿನ ಕಾನೂನು ಪಂಡಿತ ಆಸ್ಟಿನ್ ಹೇಳಿದ್ದೂ ಅದೇ, 1832ರಲ್ಲಿ," ಅಂದರು ವಕೀಲ್ರು. "ಕಾನೂನು ಅಂದರೆ ದೊರೆಯ ಅಪ್ಪಣೆ, ಮೀರಿದರೆ ದಂಡ. 1961ರಲ್ಲಿ ಇನ್ನೊಬ್ಬ ಪಂಡಿತ ಹಾರ್ಟ್ ಕೇಳಿದ, ಹಾಗಾದರೆ ಕೋವಿ ತೋರಿಸಿ ಪರ್ಸ್ ಕೇಳುವವನಿಗೂ ಸರ್ಕಾರಕ್ಕೂ ಏನು ವ್ಯತ್ಯಾಸ ಅಂತ. ಕಳ್ಳನಿಗೆ ನಾವು ಕೊಡಬೇಕಾಗಿ ಬರುತ್ತದೆ. ಕಂದಾಯ ಹಾಗಲ್ಲ, ಅದು ನಾವು ಕೊಡಬೇಕಾದ್ದು. ಈ ಎರಡರ ನಡುವಿನ ಸಂದಿಯಲ್ಲಿ ನಮ್ಮಂಥ ವಕೀಲರ ಸಂಸಾರ ನಡೀತದೆ."

"ನಮ್ಮಲ್ಲಿ ಮನೆಮನೆಯಲ್ಲೂ ಕೋವಿ ಉಂಟಲ್ಲ, ಎಲ್ಲರೂ ಸರ್ಕಾರವೇ ಹಾಗಾದರೆ," ಅಂದರು ರೈಟ್ರು.

"ಎಲ್ಲರಿಗಲ್ಲ," ಅಂದರು ವಕೀಲ್ರು. "ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ. ಲೈಸೆನ್ಸ್ ಬೇಡ ಅಂದರೆ ಕಾಗದವೇ ಬೇಡ ಅಂತಲ್ಲ, ವಿನಾಯಿತಿ ಪತ್ರ ಬೇಕು. ಬ್ರಿಟಿಷರು ಕೊಟ್ಟ ವಿನಾಯಿತಿ, 2019ರಲ್ಲಿ ಕೇಂದ್ರ ಅದನ್ನ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಯಾರೂ ಕೇಳೋದಿಲ್ಲ. ಅದೇ ಕೋವಿ ಗದ್ದೆಗೆ ಬಂದ ಹಂದಿ ಕಡೆ ತಿರುಗಿದರೆ 1972ರ ವನ್ಯಜೀವಿ ಕಾಯ್ದೆ. ಊರಲ್ಲಿ ಅದು ಪಾಪ ಅಲ್ಲ, ಕೋರ್ಟಲ್ಲಿ ಅಪರಾಧ."

"ಹಂದಿಯನ್ನ ಕೇಳಿದರೆ?"

"ಹಂದಿ ಸಮ್ಮತಿಯ ಲೆಕ್ಕದಲ್ಲಿಲ್ಲ."

ಸುಬೇದಾರ್ರು ಒಂದೆಲೆ ಎತ್ತಿ ಇನ್ನೊಂದು ಎಸೆದರು. ಯಾರೂ ಗಮನಿಸಲಿಲ್ಲ.

ಮೇಷ್ಟ್ರು ಒಪ್ಪಿಗೆಯ ಪಕ್ಷ ಬಿಡಲಿಲ್ಲ. "ಬಲ ಇಲ್ಲದೆ ನಡೆಯೋದೂ ಉಂಟು ಮಾರಾಯ್ರೇ. ಕಕ್ಕಡದಲ್ಲಿ ಮದುವೆ ಮಾಡಬಾರದು ಅಂತ ಯಾವ ಕಾಯ್ದೆ ಉಂಟು? ಆದರೂ ಕಲ್ಯಾಣ ಮಂಟಪ ಖಾಲಿ. ನಾಟಿ ಕಾಲ, ಊರಿಗೆ ಊರೇ ಗದ್ದೆಯ ಕೆಸರಲ್ಲಿ, ಊಟಕ್ಕೆ ಬರೋರು ಯಾರು? ಊರಹಬ್ಬಕ್ಕೆ ಕಟ್ಟು ಬಿದ್ದರೆ, ಇಂಥದ್ದು ಮಾಡಬಾರದು ಅಂತಾದರೆ, ಪೊಲೀಸ್ ಬೇಕಾ? ದೇವರಕಾಡು ನೋಡಿ, ಜಿಲ್ಲೆಯಲ್ಲಿ 1,214 ಅಂತ ಲೆಕ್ಕ. ಬೇಲಿ ಇಲ್ಲ, ಕಾವಲಿಲ್ಲ, ಒಂದು ಸೌದೆ ಮುರಿಯೋಕೆ ಜನ ಹೆದರ್ತಿದ್ರು."

"ಹೆದರ್ತಿದ್ರು ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ರಿ," ಅಂದರು ವಕೀಲ್ರು. "ದೇವರ ಬಲ. ಕಾಫಿಗೆ ರೇಟು ಬಂದಾಗ ಎಷ್ಟು ದೇವರಕಾಡಿನ ಅಂಚು ಒಳಕ್ಕೆ ಸರಿಯಿತು? ಒಂದೇ ಸಲ ಕಡಿಯೋದಿಲ್ಲ. ಮೊದಲು ಕೆಳಗಿನ ಕುರುಚಲು ಸವರುತ್ತಾರೆ, ಆಮೇಲೆ ಮರದ ನೆರಳಲ್ಲಿ ಗಿಡ ನೆಡುತ್ತಾರೆ, ನಾಲ್ಕು ವರ್ಷಕ್ಕೆ ಫಸಲು. ಅಷ್ಟು ಹೊತ್ತಿಗೆ ಪಕ್ಕದವನೂ ನೆಟ್ಟಿರ್ತಾನೆ. ಅದೂ ಒಪ್ಪಿಗೆಯೇ."

ಮೇಷ್ಟ್ರು ಕನ್ನಡಕ ಒರೆಸಿದರು. ಸೋಲುವಾಗ ಅವರು ಸಂಸ್ಕೃತಕ್ಕೆ ಹೋಗುತ್ತಾರೆ. "ಕೌಟಿಲ್ಯ ಕೇಳಿ. ದೊಡ್ಡ ಮೀನು ಸಣ್ಣ ಮೀನನ್ನ ನುಂಗೋ ಕಾಲ ಬಂದಾಗ ಜನ ಸೇರಿ ಮನುವನ್ನ ರಾಜನನ್ನಾಗಿ ಮಾಡಿಕೊಂಡರು. ಧಾನ್ಯದಲ್ಲಿ ಆರನೇ ಒಂದು, ಸರಕಿನಲ್ಲಿ ಹತ್ತನೇ ಒಂದು ಪಾಲು ಅವನಿಗೆ. ಶುದ್ಧ ಒಡಂಬಡಿಕೆ."

"ಅದನ್ನ ಯಾರು ಹೇಳ್ತಾರೆ ಅರ್ಥಶಾಸ್ತ್ರದಲ್ಲಿ? ಅದನ್ನೂ ಹೇಳಿ."

ಮೇಷ್ಟ್ರು ಸುಮ್ಮನಾದರು. ವಕೀಲ್ರೇ ಹೇಳಿದರು: "ಗೂಢಚಾರರು! ತೀರ್ಥಕ್ಷೇತ್ರ, ಸಭೆ, ಜನ ಸೇರೋ ಜಾಗದಲ್ಲಿ ಇಬ್ಬರು ಗೂಢಚಾರರು ಜಗಳ ಆಡೋ ಹಾಗೆ ನಟಿಸಬೇಕು. ಒಬ್ಬ ರಾಜನನ್ನ ಬೈಯಬೇಕು, ಇನ್ನೊಬ್ಬ ಈ ಮನುವಿನ ಕತೆ ಹೇಳಿ ಅವನ ಬಾಯಿ ಮುಚ್ಚಿಸಬೇಕು. ಸುತ್ತ ನಿಂತವರು ತಲೆ ಆಡಿಸಬೇಕು. ಒಪ್ಪಿಗೆ ಬಾಣಲೆಯಲ್ಲಿ ಹೇಗೆ ಬೇಯುತ್ತದೆ ನೋಡಿ."

ರೈಟ್ರು ಸಂಶಯದಿಂದ ಇಬ್ಬರನ್ನೂ ನೋಡಿದರು. "ನೀವಿಬ್ಬರು ಈಗ ಮಾಡ್ತಿರೋದು ಅದೇ ಅಲ್ವಾ? ನನ್ನ 20 ಮರೆಸೋಕೆ?"

ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಮಳೆ ಜೋರಾಯಿತು.

ನಗು ನಿಂತದ್ದು ಮೇಷ್ಟ್ರು ಆಳುಗಳ ವಿಷಯ ತೆಗೆದಾಗ. ರಾಜರ ಕಾಲದ ಕೊಡಗಿನಲ್ಲಿ ಎರಡು ಬಗೆ: ಭೂಮಿ ಜಮ್ಮದ ಆಳು, ಭೂಮಿಯ ಜೊತೆಗೇ ಇರುವವನು, ಒಕ್ಕಲು ಜಮ್ಮದ ಆಳು, ಒಡೆಯನ ಸ್ವಂತ ಸೊತ್ತು. "ಹೆಸರಿಟ್ಟು ವಿಂಗಡಿಸಿ ಇಟ್ಟಿದ್ದರು. ಊರಲ್ಲಿ ಅದು ತಪ್ಪು ಅಂದವರು ಯಾರು? ಎಲ್ಲರ ಒಪ್ಪಿಗೆ ಇತ್ತು. ಆಳನ್ನ ಬಿಟ್ಟು ಎಲ್ಲರದ್ದು. 1843ರಲ್ಲಿ ಕಂಪನಿ ಸರ್ಕಾರ ಗುಲಾಮಗಿರಿಗೆ ಕೋರ್ಟಿನ ಬೆಂಬಲ ಇಲ್ಲ ಅಂತ ಕಾಯ್ದೆ ಮಾಡಿತು. ಜೀತ ನಿಲ್ಲಿಸೋಕೆ 1976ರಲ್ಲಿ ಇನ್ನೊಂದು ಕಾಯ್ದೆ ಬೇಕಾಯ್ತು."

"ಅಂದರೆ ಅಲ್ಲಿ ಬಲವೇ ಸರಿ, ಊರೇ ತಪ್ಪು?"

"ಎಣಿಸೋವಾಗ ಯಾರನ್ನ ಬಿಟ್ಟರು, ಅದನ್ನ ಮೊದಲು ಕೇಳಬೇಕು ಅಂತ ನಾನು ಹೇಳೋದು."

ವಕೀಲ್ರು ಅಂಬೇಡ್ಕರ್ ಅವರನ್ನು ತಂದರು. 1948ರ ನವೆಂಬರ್ 4ರ ಭಾಷಣ: ಸಂವಿಧಾನದ ನೈತಿಕತೆ ತಾನಾಗಿ ಬರೋದಲ್ಲ, ಬೆಳೆಸಬೇಕು, ಈ ಮಣ್ಣಿನ ಮೇಲೆ ಪ್ರಜಾಪ್ರಭುತ್ವ ಬರೀ ಟಾಪ್ ಡ್ರೆಸಿಂಗ್, ಮೇಲೆ ಚೆಲ್ಲಿದ ಗೊಬ್ಬರ.

ರೈಟ್ರ ಮುಖ ಅರಳಿತು. ಇದು ಅವರ ಇಲಾಖೆ. "ಹಾಗೆ ಹೇಳಿ ಮತ್ತೆ! ಈ ಮಳೆಗೆ ಮೇಲೆ ಚೆಲ್ಲಿದ ಯೂರಿಯಾ ಹೊಳೆಗೆ ಹೋಗ್ತದೆ. ಮೊದಲು ಮಣ್ಣು ಪರೀಕ್ಷೆ, ಹುಳಿ ಜಾಸ್ತಿ ಇದ್ದರೆ ಸುಣ್ಣ. ಸುಣ್ಣ, ಗೊಬ್ಬರ ಒಟ್ಟಿಗೇ ಹಾಕಿದರೆ ಯೂರಿಯಾ ಗಾಳಿಗೆ ಹಾರ್ತದೆ, ನಡುವೆ ಕೆಲವು ವಾರ ಬಿಡಬೇಕು. ಆಮೇಲೆ ಗಿಡದ ಬುಡ ಬಿಟ್ಟು ಸುತ್ತ ಮಣ್ಣಿಗೆ ಸೇರೋ ಹಾಗೆ. ಕಾಯ್ದೆ ಮಾಡೋರು ಸುಣ್ಣದ ಬಿಲ್ಲು ಪಾಸ್ ಮಾಡೋದಿಲ್ಲ, ಅದೇ ತೊಂದರೆ."

ಇದಕ್ಕೆ ಮೇಷ್ಟ್ರೂ ತಲೆದೂಗಿದರು. ರೈಟ್ರು ಅದೇ ಸಂದು ಹಿಡಿದರು: "ಹಾಗಾದರೆ 15?"

"ಆಗೋದಿಲ್ಲ," ಅಂದರು ಮೇಷ್ಟ್ರು. "20 ಅನ್ನೋದು ಒಪ್ಪಂದ, ಒಪ್ಪಿದೆ. 18 ಇದ್ದರೂ ಆಟ ನಡೀತದೆ. ಆದರೆ 0 ಮಾಡಿ ನೋಡಿ, ಕೆಟ್ಟ ಎಲೆ ಬಂದವರೆಲ್ಲ ಬಿಡ್ತಾರೆ, ಆಟವೇ ಇಲ್ಲ. 80 ಮಾಡಿ, ಒಬ್ಬನೂ ಬಿಡೋದಿಲ್ಲ. ಒಪ್ಪಿಗೆಯ ಗೂಟವನ್ನ ಎಲ್ಲಿ ಬೇಕಾದರೂ ಹೊಡೆಯೋಕೆ ಆಗೋದಿಲ್ಲ."

"15 ಏನು ಸೊನ್ನೆಯಾ? ನಿಮ್ಮ ವಾದದಲ್ಲೇ 15 ಕೂತ್ಕೊಳ್ತದೆ!"

"ಕೂತ್ಕೊಳ್ತದೆ. ಆದರೆ ಎಲೆ ನೋಡಿದ ಮೇಲೆ ಕೂರಿಸೋ ಹಾಗಿಲ್ಲ."

ಆಗ ಸುಬೇದಾರ್ರು ಹದಿಮೂರು ಎಲೆ ನೆಲಕ್ಕಿಟ್ಟರು. ಜೋಕರ್ ಇಲ್ಲದ ಒಂದು ಸೀಕ್ವೆನ್ಸ್, ಅಂದರೆ ಒಂದೇ ಜಾತಿಯ ಸಾಲು ಎಲೆ, ಜೋಕರ್ ಸೇರಿದ ಇನ್ನೊಂದು, ಒಂದೇ ಅಂಕಿಯ ಎಲೆಗಳ ಎರಡು ಸೆಟ್. ಹರಟೆಯ ನಡುವೆ ತಮ್ಮ ಸರದಿಗೆ ಮೂವರೂ ಕೈಗೆ ಬಂದ ಎಲೆ ಎತ್ತಿ ಎಸೆಯುತ್ತಿದ್ದರು, ಅವರೊಬ್ಬರೇ ಆಡುತ್ತಿದ್ದರು. ರೈಟ್ರ ಕೈಯಲ್ಲಿ ಜೋಕರ್ ಇಲ್ಲದ ಸೀಕ್ವೆನ್ಸ್ ಒಂದೂ ಇಲ್ಲ. ಅದಿಲ್ಲದಿದ್ದರೆ ಎಲ್ಲ ಎಲೆಯೂ ಲೆಕ್ಕಕ್ಕೆ, ಹೆಚ್ಚೆಂದರೆ 80.

"80," ಅಂತ ಮೇಷ್ಟ್ರು ಬರೆದುಕೊಂಡರು.

"ನಿಲ್ಲಿ, ಎಣಿಸಿದ್ರಾ? 74 ಇರಬೇಕು!"

"74 ಆದರೂ ಔಟೇ ರೈಟ್ರೇ."

"ಔಟಾಗಲಿ, ಲೆಕ್ಕ ಸರಿ ಇರ್ಬೇಕು. ಕೊಡಿ ಇತ್ತ ಪೆನ್ಸಿಲ್ಲು. ಇಲ್ಲಿ ರೈಟರ್ ಯಾರು, ನೀವಾ ನಾನಾ?"