ಸೆನುಫೊ ಜನರ ಮೃಗದ ತಲೆಗೆ ‘ಮುಖವಾಡ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಶಾಲೆಯ ಮಕ್ಕಳಿಗಾಗಿ ಆಫ್ರಿಕಾದ ಮರಗೆತ್ತನೆಯ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಒಂದು ಪದಕ್ಕೆ ಬಂದು ನಿಂತಿದ್ದೇನೆ, ನಿಮ್ಮ ಸಹಾಯ ಬೇಕು.

ಸೆನುಫೊ ಜನ ಇರುವುದು ಐವರಿ ಕೋಸ್ಟಿನ ಉತ್ತರದಲ್ಲಿ, ಕೊರೊಗೊ ಪಟ್ಟಣದ ಸುತ್ತಮುತ್ತ. ಮಾಲಿ, ಬುರ್ಕಿನಾ ಫಾಸೊ ದೇಶಗಳಲ್ಲೂ ಇದ್ದಾರೆ. ‘ಪೊರೊ’ ಎಂಬುದು ಅವರ ಗಂಡಸರ ಕೂಟ. ಊರಲ್ಲಿ ಸಾವಾದಾಗ ಕೂಟದವರು ಮರದಲ್ಲಿ ಕೆತ್ತಿದ ಮೃಗದ ತಲೆ ಹೊತ್ತು ಬರುತ್ತಾರೆ. ಸತ್ತವರ ಜೀವ ಊರಲ್ಲೇ ಸುಳಿದಾಡದೆ ಹಿರಿಯರನ್ನು ಸೇರಲಿ ಅಂತ. ಮಾಟ ಮಾಡುವವರನ್ನೂ ಕೆಟ್ಟ ಶಕ್ತಿಗಳನ್ನೂ ಓಡಿಸುವುದು ಇದರದೇ ಕೆಲಸ. ಅದಕ್ಕೇ ಆ ರೂಪ: ಮೊಸಳೆಯದೋ ಕತ್ತೆಕಿರುಬನದೋ ಬಾಯಿ, ಕಾಡುಹಂದಿಯ ಕೋರೆ, ಹುಲ್ಲೆಯ ಕೊಂಬು.

ಇದನ್ನು ಮುಖವಾಡ ಅಂದರೆ ಏನೋ ತಪ್ಪಿದ ಹಾಗಾಗುತ್ತದೆ. ‘ಅವನ ಮುಖವಾಡ ಕಳಚಿತು’ ಅಂತೀವಲ್ಲ, ಅಲ್ಲಿರುವುದು ಮೋಸ. ಇಲ್ಲಿರುವುದು ಕಾವಲು. ಅಲ್ಲದೆ ಇದು ಮುಖಕ್ಕೆ ಕಟ್ಟುವಂಥದ್ದೂ ಅಲ್ಲ. ತಲೆಯ ಮೇಲೆ ಅಡ್ಡಡ್ಡವಾಗಿ ಕೂರುತ್ತದೆ, ಮೂತಿ ಮುಂದಕ್ಕೆ ಚಾಚಿರುತ್ತದೆ. ಅವರ ‘ಕ್ಪೊನ್ಯುಂಗೊ’ ಎಂಬ ಹೆಸರಿನಲ್ಲೂ ತಲೆ ಎಂಬ ಅರ್ಥವೇ ಇದೆ. ಅವರಲ್ಲೇ ‘ಕ್ಪೆಲಿಯೆ’ ಎಂಬ ಇನ್ನೊಂದಿದೆ, ಮನುಷ್ಯನ ಮುಖದ್ದು, ಚಿಕ್ಕದು. ಅದನ್ನು ಬೇಕಾದರೆ ಮುಖವಾಡ ಅನ್ನೋಣ.

ಗೋಸುಂಬೆಯದೂ ಇದೇ ಕಥೆ. ಕೊಂಬುಗಳ ನಡುವೆ ಅದನ್ನು ಕೆತ್ತಿರುತ್ತಾರೆ. ಅವರಿಗೆ ಅದು ಸೃಷ್ಟಿಯ ಮೊದಲ ಪ್ರಾಣಿಗಳಲ್ಲಿ ಒಂದು, ಗೌರವದ್ದು. ನಮ್ಮಲ್ಲಿ ಅದು ಬೈಗುಳ, ಅಲ್ವಾ? ಯುರೋಪಿನವರು ಈ ತಲೆಗೆ ‘ಬೆಂಕಿ ಉಗುಳುವುದು’ ಅಂತ ಹೆಸರಿಟ್ಟರು. ಹೊತ್ತವರು ಅದರ ಬಾಯಿಂದ ಕಿಡಿ ಹಾರಿಸುತ್ತಿದ್ದರಂತೆ. ‘ಕಿಡಿಕಾರುವ ತಲೆ’ ಅಂತ ಬರೆದುನೋಡಿದೆ. ಆದರೆ ಪೇಪರಿನಲ್ಲಿ ದಿನಾ ಯಾರಾದರೊಬ್ಬರು ಕಿಡಿಕಾರುತ್ತಲೇ ಇರುತ್ತಾರೆ, ಮಕ್ಕಳು ಬರೀ ಸಿಟ್ಟು ಅಂದುಕೊಳ್ಳುತ್ತಾರೆ.

ಒಂದು ಪದ ಮಾತ್ರ ಸರಿಯಾಗಿ ಕೂತಿತು. ‘ವನ್ಯುಗೊ’ ಎಂಬ ಬಗೆಯ ನೆತ್ತಿಯ ಮೇಲೆ ಪುಟ್ಟ ಬಟ್ಟಲಿರುತ್ತದೆ. ಅದರಲ್ಲಿ ಇಡುವ ಶಕ್ತಿಯ ವಸ್ತುವಿಗೆ ನಮ್ಮ ‘ಮದ್ದು’ ಎಷ್ಟು ಚೆನ್ನಾಗಿ ಹೊಂದುತ್ತದೆ! ಔಷಧಿಯೂ ಹೌದು, ಮಾಟವೂ ಹೌದು.

ಹಳೇ ಮೈಸೂರು ಕಡೆ ಮರದ ಮುಖ ಕಟ್ಟಿಕೊಂಡು ಕುಣಿಯುವ ಸೋಮನ ಕುಣಿತ ನೆನಪಾಯಿತು. ಸೋಮ ಊರದೇವಿಯ ಕಾವಲಿನವನು, ಆ ಮುಖಕ್ಕೂ ಸೋಮ ಅಂತಲೇ ಹೆಸರು. ಮುಖವಾಡ ಅನ್ನುವ ಮಾತೇ ಬೇಕಾಗುವುದಿಲ್ಲ. ಆದರೆ ಅದು ನಮ್ಮ ದೇವರ ಹೆಸರು, ಸೆನುಫೊ ಜನರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ಕಾವಲುದಲೆ’ ಅಂತ ಬರೆದಿಟ್ಟಿದ್ದೇನೆ. ‘ತೊಡು’ ಬಿಟ್ಟು ‘ಹೊರು’ ಬಳಸಿದ್ದೇನೆ. ಹೀಗೆ ತಲೆ ಮೇಲೆ ಹೊರುವುದಕ್ಕೆ ನಿಮ್ಮ ಊರಿನ ಕಡೆ ಬೇರೆ ಪದ ಇದೆಯೇ? ‘ಕಾವಲುದಲೆ’ ಓದಿದಾಗ ನಿಮಗೆ ಏನು ಕಣ್ಣಿಗೆ ಕಟ್ಟುತ್ತದೆ?