ಪದಚರ್ಚೆ: ಹಳೇ ಬಟ್ಟೆ ‘ಬಿಚ್ಚಿ ಹೊಲಿಯುವುದಕ್ಕೆ’ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಹುಡುಕುತ್ತಿದ್ದೇನೆ. ಒಬ್ಬಳೇ ಕೂತು ಯೋಚಿಸಿದರೆ ಮುಗಿಯುವ ಕೆಲಸ ಅಲ್ಲ ಅನಿಸಿತು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಬೀದಿಯ ಏಳೆಂಟು ಹೆಣ್ಣುಮಕ್ಕಳಿಗೆ ಭಾನುವಾರ ಮಧ್ಯಾಹ್ನ ಹೊಲಿಗೆ ಹೇಳಿಕೊಡುತ್ತೇನೆ. ಹೊಸ ಬಟ್ಟೆ ತಂದು ಹೊಲಿಯುವುದಲ್ಲ. ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆ, ಸಂತೆಯಲ್ಲಿ ರಾಶಿ ಹಾಕಿ ಮಾರುವ ಷರ್ಟು, ಅಕ್ಕನ ಮನೆಯಿಂದ ಬಂದ ಚೂಡಿದಾರ, ಇಂಥವನ್ನು ಬೇರೆ ಉಡುಪಾಗಿ ಮಾಡಿಕೊಳ್ಳುವುದು. ಮನೆಗೆ ಹೋದ ಮೇಲೆ ಮರೆತುಹೋಗುತ್ತದೆ, ಒಂದು ಹಾಳೆಯಲ್ಲಿ ಬರೆದುಕೊಡಿ ಅಕ್ಕಾ ಎಂದು ಕೇಳಿದರು. ಬರೆಯಲು ಕೂತೆ. ಹಾಳೆಯ ತಲೆಬರಹದಲ್ಲೇ ಪೆನ್ನು ನಿಂತಿತು. ಈ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು?

ಪತ್ರಿಕೆಗಳಲ್ಲಿ ‘ಅಪ್‌ಸೈಕಲ್’ ಎಂದು ಬರುತ್ತಿದೆ. ಅದು 1990ರ ದಶಕದಲ್ಲಿ ಬಳಕೆಗೆ ಬಂದ ಪದ. ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ ‘ಮರುಬಳಕೆ’ ಎಂದು ಹಾಕುತ್ತಾರೆ. ಆದರೆ ಮರುಬಳಕೆ ಎಂದರೆ ಬಾಟಲಿಗೆ ಮತ್ತೆ ನೀರು ತುಂಬಿಸಿದರೂ ಆಯಿತು, ಪ್ಲಾಸ್ಟಿಕ್ ಕರಗಿಸಿ ಕುರ್ಚಿ ಮಾಡಿದರೂ ಆಯಿತು. ಅಣ್ಣನ ಅಂಗಿಯನ್ನು ತಮ್ಮ ಹಾಗೇ ತೊಟ್ಟರೂ ಮರುಬಳಕೆಯೇ. ಕತ್ತರಿ, ಸೂಜಿ, ದಾರದ ಕೆಲಸ ಆ ಪದದಲ್ಲಿ ಕಾಣುವುದೇ ಇಲ್ಲ. ‘ನವೀಕರಣ’ ಎಂದರೆ ಲೈಸೆನ್ಸು ನೆನಪಾಗುತ್ತದೆ. ‘ಆಲ್ಟರ್’ ಅನ್ನೋಣ ಎಂದರೆ, ಟೈಲರ್ ಅಂಗಡಿಯಲ್ಲಿ ಅದಕ್ಕೆ ಬಿಗಿ ಮಾಡುವುದು, ಸಡಿಲ ಮಾಡುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು ಎಂದಷ್ಟೇ ಅರ್ಥ. ಸೀರೆ ಕುರ್ತಾ ಆಗುವುದು ಆಲ್ಟರ್ ಅಲ್ಲ, ಅಲ್ವಾ?

ನಾವು ಮಾಡಿದ ಒಂದು ಕೆಲಸ ಹೇಳುತ್ತೇನೆ, ಆಗ ನನಗೆ ಬೇಕಾದ್ದು ಏನು ಎಂದು ಗೊತ್ತಾಗುತ್ತದೆ. ಹೋದ ವಾರ ದೊಡ್ಡ ಅಳತೆಯ ಗಂಡಸರ ಹತ್ತಿ ಷರ್ಟೊಂದನ್ನು ತೆಗೆದುಕೊಂಡೆವು. ಒಗೆದು ಒಣಗಿಸಿ ಬೆಳಕಿಗೆ ಹಿಡಿದೆವು. ಕಾಲರಿನ ಮಡಿಕೆ, ಮೊಣಕೈ ಎರಡೂ ತೆಳುವಾಗಿದ್ದವು. ಬೆನ್ನು ಗಟ್ಟಿ ಇತ್ತು. ಕಾಲರ್ ಬಿಚ್ಚಿದೆವು, ತೋಳು ಬಿಚ್ಚಿದೆವು, ಪಕ್ಕ ಬಿಚ್ಚಿದೆವು. ಗುಂಡಿಪಟ್ಟಿ, ಕಾಜಪಟ್ಟಿ ಮಾತ್ರ ಮುಟ್ಟಲಿಲ್ಲ. ಹೊಸದಾಗಿ ಕಾಜ ಮಾಡುವುದು ಕಲಿಯುವವರಿಗೆ ಕಷ್ಟ. ಇರುವುದನ್ನೇ ಉಳಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಗುಂಡಿ ಬೆನ್ನಿಗೆ ಬರುವಂತೆ ತಿರುಗಿಸಿ, ಕತ್ತು ಹೊಸದಾಗಿ ಕತ್ತರಿಸಿ, ತೋಳಿನ ಬಟ್ಟೆಯಲ್ಲೇ ಒಂದು ಪಟ್ಟಿ ಮಾಡಿ ಕತ್ತಿಗೆ ಕೂಡಿಸಿದೆವು. ಸೊಂಟದಲ್ಲಿ ನೆರಿಗೆ ಹಿಡಿದೆವು. ಆರು ವರ್ಷದ ಹುಡುಗಿಗೆ ಫ್ರಾಕ್ ಆಯಿತು.

(ಕಾಜ ಎಂದಾಗ ನೆನಪಾಯಿತು. ಅದು ಪೋರ್ಚುಗೀಸರ ‘ಕಾಸಾ’ದಿಂದ ಬಂದದ್ದು. ಕಾಸಾ ಅಂದರೆ ಅವರಲ್ಲಿ ಮನೆ. ಗುಂಡಿಯ ತೂತಿಗೂ ಅದೇ ಪದ. ಗುಂಡಿ ಹೋಗಿ ಸೇರಿಕೊಳ್ಳುವ ಮನೆ. ಈ ಪದ ನನಗೆ ತುಂಬಾ ಇಷ್ಟ.)

ಇಷ್ಟನ್ನು ಬರೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಮೇಲೆ ಬರೆದದ್ದನ್ನೇ ನೋಡಿ. ತಿರುಗಿಸಿ, ಕತ್ತರಿಸಿ, ಕೂಡಿಸಿ. ನಮ್ಮ ಮನೆಗಳಲ್ಲಿ ಇದನ್ನು ಹೇಳುವ ರೀತಿಯೇ ಹೀಗೆ. ನಮ್ಮಮ್ಮ ‘ಸೀರೆ ಹರಿದು ಲಂಗ ಹೊಲಿದೆ’ ಎನ್ನುತ್ತಿದ್ದರು. ಇಲ್ಲಿ ಹರಿಯುವುದು ಎಂದರೆ ಹಾಳುಮಾಡುವುದಲ್ಲ, ಅಳತೆಗೆ ಸೀಳುವುದು. ಬಟ್ಟೆ ಅಂಗಡಿಯಲ್ಲಿ ‘ಎರಡು ಮೀಟರ್ ಹರಿದು ಕೊಡಿ’ ಎನ್ನುತ್ತೇವಲ್ಲ, ಹಾಗೆ. ಷರ್ಟಿನ ಕಾಲರ್ ಸವೆದರೆ ಅದನ್ನು ಬಿಚ್ಚಿ, ಒಳಮೈ ಮೇಲೆ ಬರುವಂತೆ ‘ತಿರುಗಿಸಿ ಹೊಲಿಯುವುದು’. ಹುಡುಗಿ ಉದ್ದ ಆದಳು ಎಂದರೆ ಲಂಗದಲ್ಲಿ ಮೊದಲೇ ಹಾಕಿಟ್ಟ ಅಡ್ಡ ಮಡಿಕೆಯನ್ನು ‘ಬಿಚ್ಚಿ ಇಳಿಸುವುದು’. ಎರಡು ತುಂಡು ಸೇರಿದರೆ ‘ಕೂಡಿಸಿ ಹೊಲಿಯುವುದು’. ಪ್ರತಿ ಸಲವೂ ಎರಡು ಕ್ರಿಯಾಪದ. ಮೊದಲನೆಯದು ಏನು ಮಾಡಿದೆವು ಎನ್ನುತ್ತದೆ, ಎರಡನೆಯದು ಏನಾಯಿತು ಎನ್ನುತ್ತದೆ.

ಒಡವೆಗೂ ಇದೇ ಮಾತು ಇದೆ. ‘ಅಜ್ಜಿಯ ಬಳೆ ಮುರಿಸಿ ಸರ ಮಾಡಿಸಿದೆ’ ಎನ್ನುತ್ತೇವೆ. ‘ಮುರಿಸಿ ಮಾಡಿಸು’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಹೇಳುವವರಿಗೆ ಸಂಕೋಚವೂ ಇಲ್ಲ. ಬಟ್ಟೆಗೆ ಇದರ ಜೋಡಿ ಪದ ‘ಬಿಚ್ಚಿ ಹೊಲಿ’ ಎಂದು ನನ್ನ ಅನಿಸಿಕೆ. ಹಳೆಯದರಲ್ಲಿ ಬೆಲೆಬಾಳುವುದು ಉಳಿದಿದೆ, ರೂಪ ಮಾತ್ರ ಬೇರೆ ಆಗಲಿ ಎಂಬ ಭಾವ ಎರಡರಲ್ಲೂ ಒಂದೇ.

ಆದರೆ ತಲೆಬರಹಕ್ಕೆ ನಾಮಪದ ಬೇಕಲ್ಲ? ‘ಬಿಚ್ಚುಹೊಲಿಗೆ’ ಎಂದು ಬರೆದು ನೋಡಿದೆ. ನೋಡಿದ ಕೂಡಲೇ ತಪ್ಪು ಅನಿಸಿತು. ಬಿಚ್ಚುಗತ್ತಿ ಎಂದರೆ ಒರೆಯಿಂದ ಬಿಚ್ಚಿದ ಕತ್ತಿ. ಅದೇ ಜಾಡಿನಲ್ಲಿ ಬಿಚ್ಚುಹೊಲಿಗೆ ಎಂದರೆ ಬಿಚ್ಚಿಕೊಂಡ ಹೊಲಿಗೆ ಆಗುತ್ತದೆ. ನಾನು ಹೇಳಬೇಕಾದ್ದಕ್ಕೆ ತದ್ವಿರುದ್ಧ. ‘ಮರುಹೊಲಿಗೆ’ ಕೇಳಲು ಚೆನ್ನಾಗಿದೆ, ಆದರೆ ಬಿಟ್ಟುಹೋದ ಹೊಲಿಗೆಯನ್ನು ಅದೇ ಜಾಗದಲ್ಲಿ ಮತ್ತೆ ಹಾಕುವುದು ಎಂದೇ ಎಲ್ಲರೂ ತಿಳಿದುಕೊಳ್ಳುತ್ತಾರೆ. ಆ ಏಳೆಂಟು ಜನರನ್ನೇ ಕೇಳಿದೆ. ಎಲ್ಲರೂ ಹಾಗೇ ಹೇಳಿದರು.

ಇನ್ನು ‘ತೇಪೆ’. ಉತ್ತರದ ಕಡೆ ತ್ಯಾಪಿ. ಒಳ್ಳೆಯ ಹಳೇ ಪದ, ಎಲ್ಲರಿಗೂ ಗೊತ್ತು. ಆದರೆ ಪಾಪ, ಅದರ ಹೆಸರು ಕೆಟ್ಟಿದೆ. ‘ಸಮಸ್ಯೆಗೆ ತೇಪೆ ಹಚ್ಚಿದರು’ ಎಂದರೆ ಕೆಲಸ ಸರಿಯಾಗಿ ಮಾಡಲಿಲ್ಲ ಎಂದರ್ಥ. ರಸ್ತೆ ಗುಂಡಿಗೂ ತೇಪೆ. ನಿಜವಾದ ತೇಪೆ ಹಾಕುವುದನ್ನು ನೋಡಿದವರಿಗೆ ಗೊತ್ತು, ಅದು ಎಷ್ಟು ತಾಳ್ಮೆಯ ಕೆಲಸ. ಹರುಕಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾಗಿ ತುಂಡು ತೆಗೆಯಬೇಕು. ಎರಡರ ನೂಲಿನ ಓಟ ಒಂದೇ ದಿಕ್ಕಿಗೆ ಬರಬೇಕು. ಅಂಚು ಒಳಗೆ ಮಡಿಚಬೇಕು. ತುಂಡು ಬಟ್ಟೆಗಿಂತ ದಪ್ಪ ಇದ್ದರೆ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ‘ಶಾಡಿ’ ಎಂದರೆ ಮೊದಲು ಹಳೇ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ಮತ್ತೆ ನೇಯ್ದ ಬಟ್ಟೆ. ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ 1813ರ ಹೊತ್ತಿಗೆ ಬೆಂಜಮಿನ್ ಲಾ ಇದನ್ನು ಶುರುಮಾಡಿದ. ಆಮೇಲೆ ಆ ಪದಕ್ಕೆ ‘ಕಳಪೆ’ ಎಂಬ ಅರ್ಥ ಅಂಟಿಕೊಂಡಿತು. ನಮ್ಮ ಪಾಣಿಪತ್ತಿನಲ್ಲಿ ಇವತ್ತಿಗೂ ಶಾಡಿ ನೂಲು ತೆಗೆಯುತ್ತಾರೆ, ಅವರಿಗೆ ಅದು ಬೈಗುಳ ಅಲ್ಲ, ಕಸುಬಿನ ಹೆಸರು. ತೇಪೆಯೂ ಹೊಲಿಯುವವರ ಬಾಯಲ್ಲಿ ಹಾಗೇ ಇರಲಿ ಎಂದು ನನ್ನ ಆಸೆ. ಹಾಳೆಯಲ್ಲಿ ಅದನ್ನು ಧೈರ್ಯವಾಗಿ ಬಳಸಿದ್ದೇನೆ.

ಎರಡನೇ ತೊಡಕು ‘ಸೆಕೆಂಡ್ ಹ್ಯಾಂಡ್’. ‘ಹಳೇ ಬಟ್ಟೆ’ ಎಂದರೆ ನಮ್ಮದೇ ಹಳೆಯದೋ, ಬೇರೆಯವರದೋ ತಿಳಿಯುವುದಿಲ್ಲ. ‘ಉಟ್ಟ ಬಟ್ಟೆ’ ಎನ್ನೋಣವೇ? ‘ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟರು’ ಎಂಬ ಮಾತು ಅದನ್ನು ಆಗಲೇ ಹಿಡಿದುಕೊಂಡಿದೆ. ಬೆಂಗಳೂರಿನ ಅಂಗಡಿಗಳಲ್ಲಿ ‘ಸೆಕೆಂಡ್ಸ್’ ಎಂದರೆ ಇನ್ನೂ ಬೇರೆ. ಅದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಸಣ್ಣ ದೋಷಕ್ಕೆ ಪಕ್ಕಕ್ಕಿಟ್ಟದ್ದು, ಯಾರೂ ತೊಟ್ಟದ್ದಲ್ಲ. ನಾನು ಸದ್ಯಕ್ಕೆ ‘ಬಳಸಿದ ಬಟ್ಟೆ’ ಎಂದು ಬರೆದಿದ್ದೇನೆ. ಅರ್ಥ ಸರಿ ಇದೆ, ಆದರೆ ಬಾಯಿಗೆ ಹತ್ತುತ್ತಿಲ್ಲ.

ಇದರ ಹಿಂದೆ ಒಂದು ಮುಜುಗರವೂ ಇದೆ ಅನಿಸುತ್ತದೆ. ಒಬ್ಬ ಟೈಲರ್ ಹತ್ತಿರ ಹೋಗಿ, ಕೊಂಡು ತಂದ ಹಳೇ ಕೋಟನ್ನು ಚಿಕ್ಕದು ಮಾಡಿಕೊಡಿ ಎಂದಿದ್ದೆ. ‘ಯಾರದೋ ಬಟ್ಟೆ ಮೇಡಂ’ ಎಂದು ಕೈಗೂ ತೆಗೆದುಕೊಳ್ಳಲಿಲ್ಲ. ಆವತ್ತು ತುಂಬಾ ಬೇಜಾರಾಯಿತು. ಆದರೆ ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಏನನ್ನು? ಮನೆಯವರ ಹಳೇ ಪಂಚೆ, ಹಳೇ ಸೀರೆ. ಹತ್ತಿ ಒಗೆದೊಗೆದು ಮೆತ್ತಗಾಗಿರುತ್ತದೆ, ಕೂಸಿನ ಮೈಗೆ ಚುಚ್ಚುವುದಿಲ್ಲ ಎಂದು. ಉಡುಗೊರೆ ಎಂಬ ಪದದಲ್ಲೇ ‘ಉಡು’ ಇದೆ. ಮೊದಲು ಅದು ಕೊಟ್ಟ ಬಟ್ಟೆಗೇ ಇದ್ದ ಹೆಸರು.

ಉಡು ಎಂದೆನಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟ ವಿಷಯ ಇಲ್ಲೇ ಇದೆ. ಕನ್ನಡದಲ್ಲಿ ಸೀರೆ, ಪಂಚೆ ಉಡುತ್ತೇವೆ. ಅಂಗಿ, ರವಿಕೆ ತೊಡುತ್ತೇವೆ. ಕಂಬಳಿ, ಕೌದಿ ಹೊದೆಯುತ್ತೇವೆ. ‘ಉಡುಗೆ ತೊಡುಗೆ’ ಎಂದು ಜೋಡಿಯಾಗಿ ಹೇಳುವುದೂ ಇದಕ್ಕೇ. ಸುತ್ತಿಕೊಳ್ಳುವುದು ಒಂದು, ಹೊಲಿದು ಮೈಗೆ ಹಾಕಿಕೊಳ್ಳುವುದು ಇನ್ನೊಂದು. ಈಗ ಒಂದು ಸೀರೆಯ ಬಾಳನ್ನು ನೋಡಿ. ಅಮ್ಮ ಉಟ್ಟಳು. ಕೆಳ ಅಂಚು, ನೆರಿಗೆಯ ಬುಡ ಮೊದಲು ಸವೆಯಿತು, ಸೆರಗು ಗಟ್ಟಿ ಉಳಿಯಿತು. ಗಟ್ಟಿ ಭಾಗ ಹರಿದು ಹೊಲಿದರೆ ಮಗಳು ತೊಟ್ಟಳು. ಅದೂ ಜೂಲಾದಾಗ ಕೌದಿಗೆ ಹೋಯಿತು, ಮನೆಯವರೆಲ್ಲ ಹೊದ್ದರು. ಕೊನೆಯ ಚೂರು ಒಲೆಯ ಪಕ್ಕದ ಮಸಿಬಟ್ಟೆ. ಒಂದೇ ಬಟ್ಟೆ, ಉಟ್ಟು, ತೊಟ್ಟು, ಹೊದ್ದು, ಹಿಡಿದು. ರೂಪ ಬದಲಾದಾಗಲೆಲ್ಲ ಕ್ರಿಯಾಪದವೂ ಬದಲಾಯಿತು. ಹಾಗಾದರೆ ನಾನು ಹುಡುಕುತ್ತಿರುವುದು ಉಟ್ಟದ್ದನ್ನು ತೊಡುವ ಹಾಗೆ ಮಾಡುವ ಕೆಲಸದ ಹೆಸರು. ಈಗ ಎಲ್ಲದಕ್ಕೂ ‘ಹಾಕಿಕೊಳ್ಳುವುದು’ ಎಂದು ಹೇಳುತ್ತಿದ್ದೇವೆ. ಸೀರೆಯನ್ನೂ ‘ಹಾಕ್ಕೊಂಡೆ’ ಎನ್ನುವ ಮಕ್ಕಳಿದ್ದಾರೆ. ಆಡುವವರ ತಪ್ಪಲ್ಲ, ಆದರೆ ಈ ಭೇದ ಹೋದರೆ ಸೀರೆಯ ಈ ಕಥೆಯನ್ನು ಹೀಗೆ ಹೇಳಲು ಆಗುವುದಿಲ್ಲ.

ಕೌದಿಯ ಬಗ್ಗೆ ಎರಡು ಮಾತು. ನಮ್ಮಮ್ಮ ಗದಗದ ಕಡೆಯವರು. ಅಲ್ಲಿ ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಕೈಯಲ್ಲೇ ಸಾಲಾಗಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯೂ ಇದೇ ಬಳಗದ್ದು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯ ತುಂಡು ಮಡಿಚಿ ‘ಫೂಲಾ’ ಇಡುತ್ತಾರೆ, ಅಂದರೆ ಹೂವು. ಬಂಗಾಳದ ಕಾಂಥಾ ಎಲ್ಲರಿಗೂ ಗೊತ್ತು. ಅದೇ ಸಂಸ್ಕೃತ ಪದ ಹಳೇ ಕನ್ನಡ ಕಾವ್ಯಗಳಲ್ಲಿ ‘ಕಂಥೆ’ ಆಗಿ ಜೋಗಿಗಳ ತೇಪೆ ಬಟ್ಟೆಗೆ ಬರುತ್ತದೆ. ಹಣದ ಕಂತೆ, ಕಾಗದದ ಕಂತೆ ಬೇರೆ. ಇಂಥ ಪದಗಳೆಲ್ಲ ಕೈಗೆ ಬಂದ ವಸ್ತುವಿಗೆ ಹೆಸರು. ನನಗೆ ಬೇಕಾದ್ದು ಕೆಲಸದ ಹೆಸರು.

ಮೂರನೆಯದು ಹೊಲಿಗೆಯೇ. ಕಲಿಯುವ ವಿದ್ಯೆಯೂ ಹೊಲಿಗೆ, ಸೂಜಿ ಒಮ್ಮೆ ಹೋಗಿ ಬಂದರೆ ಅದೂ ಹೊಲಿಗೆ, ಎರಡು ತುಂಡು ಸೇರಿದ ಗೆರೆಯೂ ಹೊಲಿಗೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ, ಕೈ ತೋರಿಸುತ್ತೇವೆ. ಬರಹದಲ್ಲಿ ‘ಹೊಲಿಗೆಯ ಮೇಲೆ ಹೊಲಿಗೆ ಹಾಕಿ’ ಎಂದು ಬಂದಾಗ ಓದುವವರು ಏನು ಮಾಡಬೇಕು? ಸೇರಿದ ಗೆರೆಗೆ ‘ಕೂಡುಗೆರೆ’ ಎಂದು ಬರೆದೆ. ಸುಮ್ನೆ ನಾನೇ ಕಟ್ಟಿದ್ದು, ಒಪ್ಪಿಗೆಯಾಗದಿದ್ದರೆ ಬಿಡುತ್ತೇನೆ. ಆದರೆ ಕಸೂತಿಯಲ್ಲಿ ಒಂದೊಂದು ಬಗೆಗೂ ಹೆಸರಿದೆ. ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಗಂಟು ಇದೆ, ನೇಗಿಯಲ್ಲಿ ನೇಯ್ಗೆ ಇದೆ, ಮೆಂತೆ ಅಡುಗೆಮನೆಯ ಮೆಂತೆಯೇ. ಇಷ್ಟು ಚಂದದ ಹೆಸರು ಕಟ್ಟಿದ ಕೈಗಳು ದಿನದ ಹೊಲಿಗೆಗೂ ಹೆಸರಿಟ್ಟೇ ಇರುತ್ತವೆ ಎಂದು ನಾನು ನಂಬುತ್ತೇನೆ. ನನಗೆ ಗೊತ್ತಿರುವುದು ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ದೂರ ದೂರದ ಹೊಲಿಗೆ, ಮತ್ತೆ ನೂಲಿಗೆ ನೂಲು ಹೆಣೆಯುವ ರಫು. ಮಿಕ್ಕಿದ್ದಕ್ಕೆಲ್ಲ ಹೆಮ್ಮಿಂಗ್, ಓವರ್‌ಲಾಕ್, ಟಕ್ಸ್ ಎಂದೇ ಬರೆದಿದ್ದೇನೆ. ಆ ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರಿಗೂ ತಿಳಿಯುತ್ತವೆ, ಇರಲಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ನಿಮ್ಮ ಅಮ್ಮ, ಅಜ್ಜಿ, ಸೋದರತ್ತೆ ಯಾರಾದರೂ ಒಂದು ಉಡುಪನ್ನು ಬಿಚ್ಚಿ ಇನ್ನೊಂದನ್ನು ಮಾಡುತ್ತಿದ್ದರೆ, ಆ ಕೆಲಸವನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಿದ್ದರು? ಪೂರ್ತಿ ವಾಕ್ಯವನ್ನೇ ಬರೆಯಿರಿ, ಬರೀ ಪದ ಬೇಡ. ಊರು ಅಥವಾ ತಾಲ್ಲೂಕಿನ ಹೆಸರು ಸೇರಿಸಿ. ಮಂಗಳೂರು, ಕುಂದಾಪುರ, ಕೊಡಗಿನ ಕಡೆಯವರು ದಯವಿಟ್ಟು ಬರೆಯಿರಿ, ಆ ಕಡೆಯ ಮಾತು ನನಗೆ ಕಡಿಮೆ ಗೊತ್ತು. ಸಿಂಪಿಗರ, ಚಿಪ್ಪಿಗರ ಮನೆಯವರು ಯಾರಾದರೂ ಇಲ್ಲಿದ್ದರೆ, ಬಟ್ಟೆಯ ಒಳಗೆ ಬಿಡುವ ಮಾರ್ಜಿನ್ನಿಗೆ ಹಿರಿಯರು ಏನೆನ್ನುತ್ತಿದ್ದರು ಎಂದೂ ತಿಳಿಸಿ. ಹಳೇ ಉಡುಪಿನಲ್ಲಿ ಅದು ಎಷ್ಟು ಬಿಟ್ಟಿದೆ ಎಂದು ನೋಡುವುದೇ ನಮ್ಮ ಮೊದಲ ಕೆಲಸ.

ಮುಂದಿನ ಶನಿವಾರ ಹಾಳೆ ಝೆರಾಕ್ಸ್ ಮಾಡಿಸಬೇಕು. ತಲೆಬರಹದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ‘ಬಿಚ್ಚಿ ಹೊಲಿಯುವುದು’ ಎಂದು ಬರೆದಿಟ್ಟಿದ್ದೇನೆ.